ಉಪವಾಸದ ಎರಡು ಪಟ್ಟಿ

ರೇಷ್ಮೆ ಹುಳು ಸೊಪ್ಪಿನ ಅಂಚನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತಾ ಬರುತ್ತದೆ. ಕೆಳಗೆ ಮುಟ್ಟಿದೊಡನೆ ತಲೆಯೆತ್ತಿ ಮತ್ತೆ ಮೇಲಿನಿಂದಲೇ ಶುರು. ಬಿ.ಎಸ್ಸಿ. ಮುಗಿಸಿ ಶಿಡ್ಲಘಟ್ಟದ ಮನೆಗೆ ಬಂದ ಬೇಸಿಗೆಯಲ್ಲಿ, ಪಕ್ಕದ ಮನೆಯ ಹುಳುವಿನ ಕೋಣೆಯಲ್ಲಿ ಕೂತು ನಾನು ಎಷ್ಟೋ ಮಧ್ಯಾಹ್ನ ಅದನ್ನೇ ನೋಡಿದ್ದೇನೆ. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿರುತ್ತಿದ್ದರು. ಬಿಸಿಲು ಅದರ ಎಳೆಗಳ ಸಂದಿಯಿಂದ ತಣ್ಣಗೆ ಸೋಸಿ ಬರುತ್ತಿತ್ತು. ದೂರದಲ್ಲಿ ಯಾರೋ ಮರಳಿನ ಮೇಲೆ ನಡೆಯುತ್ತಲೇ ಇರುವಂತೆ ಆ ಮೇಯುವ ಸದ್ದು. ಕೇಳುತ್ತಾ ಕೇಳುತ್ತಾ ನಾನು ಎಲ್ಲಿದ್ದೇನೆಂಬುದೇ ಮರೆಯುತ್ತಿತ್ತು.

ಹೋಗುತ್ತಿದ್ದುದು ಆ ಮನೆಯ ಹುಡುಗಿಗೆ ಲೆಕ್ಕ ಹೇಳಿಕೊಡಲು. ಒಮ್ಮೆ ಫೇಲಾಗಿದ್ದಳು. ಮರುಪರೀಕ್ಷೆಯಲ್ಲೂ ಹೋದರೆ ಶಾಲೆ ಬಿಡಿಸುವುದೆಂದು ಅವಳ ತಾಯಿ ಹೇಳಿಬಿಟ್ಟಿದ್ದರು. ಎ ಮತ್ತು ಬಿ ಕೂಡಿಸಿ ವರ್ಗ ಮಾಡು ಎಂದರೆ ಪ್ರತಿ ಸಲವೂ ಎ ವರ್ಗ, ಬಿ ವರ್ಗ ಬರೆದು ಬಳಪ ಕೆಳಗಿಡುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ಅವಳು ಹುಳುಗಳಿಗೆ ಜಾಗ ಬಿಡಿಸುತ್ತಿದ್ದಳು. ತಟ್ಟೆಯಲ್ಲಿ ಚೌಕವಾಗಿ ಒತ್ತೊತ್ತಾಗಿದ್ದ ಹುಳುಗಳನ್ನು ಬಲಕ್ಕೂ ಕೆಳಕ್ಕೂ ಒಂದೇ ಅಳತೆ ಹರಡಿದಾಗ ದೊಡ್ಡ ಚೌಕವಾಯಿತು. ಹಳೆಯ ಚೌಕದ ಅಂಚಿದ್ದ ಕಡೆ ನಾನು ಅಡ್ಡಕ್ಕೊಂದು, ಉದ್ದಕ್ಕೊಂದು ಪೊರಕೆಕಡ್ಡಿ ಇಟ್ಟೆ.

"ಹಳೇ ಚೌಕ ಎ ವರ್ಗ. ಮೂಲೇಲಿರೋ ಪುಟ್ಟ ಚೌಕ ಬಿ ವರ್ಗ. ನಿನ್ನ ಉತ್ತರದ ಹಾಗೆ ಸೊಪ್ಪು ಹಾಕು."

ಎರಡು ಚೌಕಕ್ಕೂ ಹಾಕಿ ಕೈ ನಿಲ್ಲಿಸಿದಳು. ಉಳಿದ ಕಡೆ ಹುಳುಗಳು ಬರಿದೇ ತಲೆಯಾಡಿಸುತ್ತಿದ್ದವು.

"ಅಯ್ಯೋ, ಈ ಎರಡು ಪಟ್ಟಿ ಉಪವಾಸಾನಾ ಅಕ್ಕ?"

"ಅವುಗಳ ಉದ್ದ ಎಷ್ಟು, ಅಗಲ ಎಷ್ಟು?"

"ಉದ್ದ ಎ, ಅಗಲ ಬಿ... ಎರಡು ಎಬಿ!" ಎಂದವಳೇ ಎರಡೂ ಪಟ್ಟಿಗೆ ಸೊಪ್ಪು ಸುರಿದಳು.

ಗೋಣಿ ಸರಿಸಿ ಅವಳ ತಾಯಿ ನಿಂತಿದ್ದರು. "ಲೆಕ್ಕ ಬಂತು, ಸರಿ ಕಣೇ. ನಾಳೆ ಬೆಳಗ್ಗೆ ಸೊಪ್ಪು ಕುಯ್ಯೋರ್ಯಾರು? ನಾಲ್ಕನೇ ಜ್ವರ ಎದ್ದಿರೋ ಹುಳ, ನಿನ್ನ ಪರೀಕ್ಷೆ ಮುಗಿಯೋಗಂಟ ಕಾಯ್ತವಾ?"

ನಾಲ್ಕನೇ ಸಲ ಪೊರೆ ಕಳಚಿದ ಹುಳುವಿನ ಹಸಿವಿಗೆ ಆ ಊರಲ್ಲಿ ಎಲ್ಲರೂ ಹೆದರುತ್ತಿದ್ದರು. ಹುಡುಗಿ ತಲೆ ತಗ್ಗಿಸಿದಳು.

"ನಾನು ಬರ್ತೀನಿ ದೊಡ್ಡಮ್ಮ," ಎಂದೆ.

"ನೀನಾ ಅಮ್ಮಣ್ಣಿ? ಬಿ.ಎಸ್ಸಿ. ಕೈ ಕುಯ್ದಿದ್ದು ನಮ್ಮ ಹುಳಕ್ಕೆ ಅರಗ್ಬೇಕಲ್ಲ!" ನಕ್ಕರು. ಬೇಡ ಎನ್ನಲಿಲ್ಲ.

ಮರುದಿನ ಬಿಸಿಲೇರುವ ಮುಂಚೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವಳ ಬುಟ್ಟಿ ಹಿಡಿದು ಹಿಪ್ಪುನೇರಳೆ ತೋಟಕ್ಕೆ ಹೋದೆ. ಗಿಡಗಳಾಚೆ ರಸ್ತೆಯಲ್ಲಿ ಹುಡುಗಿಯ ಎರಡು ಜಡೆ ಶಾಲೆಯ ಕಡೆ ಸಾಗುತ್ತಿದ್ದವು. ಕಾಣದಾಗುವವರೆಗೆ ನೋಡಿ, ಮೊದಲ ಗಿಡಕ್ಕೆ ಕೈ ಹಾಕಿದೆ.