ಸರಸ್ವತಿಯ ಕೆಳಗಿದ್ದ ಸ್ಟೆಪ್ನಿ

ಗೌಡರೇ, ನಿಮ್ಮ ಕಾರಿನ ಸ್ಟೆಪ್ನಿಯನ್ನೂ ಜಾಕಿಯನ್ನೂ ತೆಗೆದಿಟ್ಟುಕೊಂಡವನು ನಾನು. ಸಿದ್ದಣ್ಣ ಅಲ್ಲ. ನಾಲ್ಕು ವರ್ಷದಿಂದ ಎರಡೂ ಶ್ರೀರಂಗಪಟ್ಟಣದ ನಮ್ಮ ಮನೆಯ ಹಜಾರದಲ್ಲೇ ಇವೆ. ಬಂದಾಗಲೆಲ್ಲ ನೀವು ಕೈಮುಗಿಯುತ್ತೀರಲ್ಲ, ಆ ಸರಸ್ವತಿಯ ಪಟದ ಕೆಳಗೆ — ರೇಷ್ಮೆ ಸೀರೆಯ ಮರೆಯಲ್ಲಿ. ಎದುರು ನಿಂತು ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತನಾಗುವ ತನಕ ಮಕ್ಕಳ ಕೈಯಲ್ಲಿ ‘ಸುಳ್ಳು ಹೇಳಬಾರದು’ ಎಂದು ಕಾಪಿ ಬರೆಸಿದ ಮೇಷ್ಟ್ರ ಕಾಗದ ಇದು. ಕಾಗುಣಿತವಾದರೂ ಸರಿಯಿರುತ್ತದೆ.

ಆ ವರ್ಷದ ಆಯುಧಪೂಜೆ ನಿಮಗೆ ನೆನಪಿರಬೇಕು. ನಿಮ್ಮ ತಂದೆಯ ಕಾಲದಿಂದಲೂ ಆ ಅಂಬಾಸಿಡರ್ ಪಾಂಡವಪುರದಿಂದ ನಮ್ಮ ಬಾಗಿಲಿಗೆ ಬಂದು, ಪೂಜೆ ಮಾಡಿಸಿಕೊಂಡು, ಕರಿಘಟ್ಟ ಹತ್ತಿ ಇಳಿದು ಮನೆಗೆ ಹೋಗುವುದು ವಾಡಿಕೆ. ನೀವು ಹೊಳೆಗೆ ಸ್ನಾನಕ್ಕೆ ಹೋಗಿದ್ದಿರಿ. ಇತ್ತ ಸರಸ್ವತಿಯನ್ನು ಕೂರಿಸಲು ಮಣೆ ತೆಗೆದರೆ ಗೆದ್ದಲು ತಿಂದು ಎರಡು ಹೋಳಾಗಿತ್ತು. ಮುಹೂರ್ತ ಮೀರುತ್ತಿತ್ತು. ಹೊರಗೆ ನಿಮ್ಮ ಕಾರಿನ ಡಿಕ್ಕಿ ತೆರೆದಿತ್ತು. ಪೂಜೆಗೆಂದು ಸಿದ್ದಣ್ಣ ಹಿಂದಿನ ದಿನ ತನ್ನ ಗ್ಯಾರೇಜಿನಲ್ಲಿ ತಾನೇ ಇಡೀ ಕಾರು ತೊಳೆದು, ಸ್ಟೆಪ್ನಿಯನ್ನೂ ಉಜ್ಜಿ ಒಳಗಿಟ್ಟು ಕಳಿಸಿದ್ದ. ಅಗಲವಾಗಿ, ದುಂಡಗೆ, ಗಟ್ಟಿಯಾಗಿ... ಆಯುಧಪೂಜೆ ತಾನೆ, ಇದೂ ಆಯುಧವೇ ತಾನೆ — ಎಂದು ನನಗೆ ನಾನೇ ಶಾಸ್ತ್ರ ಹೇಳಿಕೊಂಡೆ. ಸ್ಟೆಪ್ನಿಯನ್ನು ಮಲಗಿಸಿ, ನೆಲ ತಗ್ಗಿದ್ದ ಕಡೆ ಜಾಕಿಯನ್ನು ಅಡಿಗೆ ಕೊಟ್ಟು, ಮೇಲೆ ನನ್ನ ಹೆಂಡತಿಯ ಮದುವೆ ಸೀರೆ ಹೊದಿಸಿ ದೇವಿಯನ್ನು ಕೂರಿಸಿಬಿಟ್ಟೆ.

ನೀವು ಒದ್ದೆ ತಲೆಯಲ್ಲಿ ಬಂದವರೇ ಉದ್ದಕ್ಕೆ ಅಡ್ಡಬಿದ್ದಿರಿ. ನಿಮ್ಮದೇ ಸ್ಟೆಪ್ನಿಗೆ! “ಈ ಸಲ ಅಮ್ಮನೋರು ಎತ್ರುಕ್ಕೆ ಕುಂತವ್ರೆ, ಸಂದಾಗದೆ ಮೇಷ್ಟ್ರೇ” ಎಂದಿರಿ. ಆಗಲೇ ಹೇಳಬಹುದಿತ್ತು. ಆದರೆ ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ಮರುದಿನ ಹೇಳಿದರಾಯಿತು ಎಂದುಕೊಂಡೆ. ಮರುದಿನ ಹೊಸ ತೊಡಕು — ದೇವಿ ಕೂತ ಪೀಠವನ್ನು ಮತ್ತೆ ರಸ್ತೆಯ ಸಗಣಿ ತುಳಿಯಲು ಕಳಿಸುವುದು ಹೇಗೆ? ಪಂಚಾಂಗ ತಿರುವಿದೆ. ಸ್ಟೆಪ್ನಿಯ ವಿಸರ್ಜನೆಗೆ ಅದರಲ್ಲಿ ವಿಧಿಯಿರಲಿಲ್ಲ.

ಹದಿನೈದು ದಿನ ಕಳೆಯಿತು. ನಾವಿಬ್ಬರೂ ನಿಮ್ಮ ಕಾರಿನಲ್ಲಿ ಮದುವೆಯೊಂದಕ್ಕೆ ಕೆ.ಆರ್.ಪೇಟೆಗೆ ಹೊರಟಿದ್ದೆವು. ದಾರಿಯಲ್ಲಿ ಹಿಂದಿನ ಚಕ್ರ ಉಸ್ಸೆಂದಿತು. ನೀವು ಇಳಿದು, ಪಂಚೆ ಎತ್ತಿ ಕಟ್ಟಿ, ಡಿಕ್ಕಿಯ ಮುಚ್ಚಳ ತೆಗೆದಿರಿ... ಒಳಗೆ ಒಂದು ಗೋಣಿಚೀಲ ಮಾತ್ರ. ನನ್ನ ಎದೆಯೂ ಉಸ್ಸೆಂದಿತು. ಆದರೆ ಬಾಯಿ — ಈ ಹಾಳು ಬಾಯಿ — ನನ್ನನ್ನು ಕೇಳದೆಯೇ ಆಡಿಬಿಟ್ಟಿತು: “ಅಯ್ಯೋ! ಯಾರ ಕೆಲಸ ಇದು?”

ಕಬ್ಬಿನ ಗದ್ದೆಯಿಂದ ಬಂದ ಐದಾರು ಜನ ಕಾರನ್ನು ಕೈಯಲ್ಲೇ ಎತ್ತಿ ಇಟ್ಟಿಗೆ ಕೊಟ್ಟರು. ಚಕ್ರ ಯಾರದೋ ಬೈಕಿನ ಮೇಲೆ ಪಂಕ್ಚರ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮದುವೆಯ ಊಟ ಮುಗಿದಿತ್ತು. ಅಷ್ಟೂ ಹೊತ್ತು ನೀವು ಮರದ ಕೆಳಗೆ ಕೂತು ಲೆಕ್ಕ ಹಾಕುತ್ತಿದ್ದಿರಿ: ಡಿಕ್ಕಿಗೆ ಕೊನೆಗೆ ಕೈ ಹಾಕಿದವರು ಯಾರು? ಸಿದ್ದ.

ಮಾರನೆಯ ಬೆಳಗ್ಗೆ ಪಾಂಡವಪುರದ ಅವನ ಗ್ಯಾರೇಜಿಗೆ ನನ್ನನ್ನೂ ಕರೆದುಕೊಂಡು ಹೋದಿರಿ — ಸಾಕ್ಷಿಗೆ! ನೀವಿಬ್ಬರೂ ಒಟ್ಟಿಗೆ ಎಮ್ಮೆ ಮೇಯಿಸಿಕೊಂಡು ಬೆಳೆದವರು. ಅವನು ಸ್ಪ್ಯಾನರ್ ಹಿಡಿದೇ ನಗುತ್ತಾ ಎದ್ದುಬಂದ. “ನಾನ್ಯಾಕ್ಲಾ ತಕ್ಕಳ್ಲಿ? ಒರ್ಸಿ ಒಳೀಕೇ ಮಡ್ಗಿದ್ನಲ್ಲಾ” ಎಂದ. ಸುತ್ತ ಗಾಡಿ ಬಿಟ್ಟಿದ್ದವರು, ಎದುರಿನ ಟೀ ಅಂಗಡಿಯವರು, ಎಲ್ಲರೂ ನೋಡುತ್ತಿದ್ದರು. ಆಗ ನೀವು ಆಡಿದ ಮಾತು:

“ಸ್ಟೆಪ್ನಿ ಓದ್ರೆ ಓಗ್ಲಿ ಬುಡ್ಲಾ. ನನ್ ಪಾಲ್ಗೆ ನೀನೇ ಸತ್ತೋದೆ.”

ಅವನ ಮುಖದ ನಗು ಹಾಗೇ ಉಳಿದಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ. ಅವನು ನನ್ನ ಕಡೆ ನೋಡಿದ — ಮೇಷ್ಟ್ರು ಏನಾದರೂ ನ್ಯಾಯ ಹೇಳಿಯಾರು ಎಂದು. ಮೇಷ್ಟ್ರು ಗೋಡೆಯ ಮೇಲಿದ್ದ ಎಂಜಿನ್ ಆಯಿಲ್ ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಿದ್ದರು.

ಆಮೇಲೆ ಹುಡುಕಾಟ. ಮಾಮೂಲಿ ಜಾಕಿ ಬೇಡ, ಬಾಗಿಲ ಕೆಳಗಿನ ಕಂಡಿಗೆ ಕಬ್ಬಿಣದ ತೋಳು ತೂರಿಸಿ ಎತ್ತುವ ಅಪ್ಪನ ಕಾಲದ್ದೇ ಬೇಕು, ಚಕ್ರವೂ ಅಂಥದ್ದೇ ಆಗಬೇಕು ಎಂದು ನಿಮ್ಮ ಹಟ. ಭಾನುವಾರ ಬಂತೆಂದರೆ ಹಾರನ್, ನಾನು ಅಂಗಿ ತೊಟ್ಟು ತಯಾರು. ಕೆ.ಆರ್.ಪೇಟೆಯ ಗುಜರಿಯವನು ಟ್ರಾಕ್ಟರಿನ ಜಾಕಿ ತೋರಿಸಿ “ಇದ್ರಲ್ಲಿ ಕಾರೇನು, ಮನೇನೇ ಎತ್ಬೋದು” ಎಂದ. ಇನ್ನೊಬ್ಬ ಎಮ್ಮೆ ನೀರು ಕುಡಿಯುವ ಬಾನಿಗೆ ಒತ್ತು ಕೊಟ್ಟಿದ್ದ ಟೈರನ್ನು ಎಳೆದುಕೊಟ್ಟ. ಎಮ್ಮೆ ನಮ್ಮನ್ನು ಅಟ್ಟಿಸಿಕೊಂಡು ಬಂತು. ಪ್ರತಿ ಟೈರಿನ ಅಳತೆಯನ್ನೂ ನಾನು ಕಣ್ಣಲ್ಲೇ ನೋಡಿ “ಇದಲ್ಲ ಗೌಡರೇ” ಎನ್ನುತ್ತಿದ್ದೆ. ನೀವು ಬೆರಗಾಗುತ್ತಿದ್ದಿರಿ. ದಿನವೂ ಅಸಲಿಯ ಮುಂದೆ ದೀಪ ಹಚ್ಚುವವನಿಗೆ ಅಳತೆ ತಿಳಿಯದೆ ಇರುತ್ತದೆಯೇ?

ಇನ್ನೂ ನಾಚಿಕೆಗೇಡಿನದನ್ನು ಹೇಳಬೇಕು. ನಾಗಮಂಗಲದಲ್ಲಿ ಒಬ್ಬರ ಕೊಟ್ಟಿಗೆಯಲ್ಲಿ ಎರಡೂ ಸಿಕ್ಕಿದ್ದವು — ಅದೇ ಜಾಕಿ, ಅದೇ ಅಳತೆಯ ಚಕ್ರ. ನಿಮ್ಮ ಕಣ್ಣು ಅರಳಿತ್ತು. ನಾನು ನಿಮ್ಮನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ: “ಬೇಡಿ ಗೌಡರೇ. ನೋಡಿದರೆ ಕದ್ದ ಮಾಲಿನ ಹಾಗಿದೆ.” ಏಕೆ ಹಾಗೆಂದೆ? ನಿವೃತ್ತನಾದ ಮೇಲೆ ಆ ಭಾನುವಾರಗಳು ಬಿಟ್ಟರೆ ನನಗೆ ವಾರವೇ ಇರಲಿಲ್ಲ. ಬೆಳ್ಳೂರು ಕ್ರಾಸಿನ ತಟ್ಟೆ ಇಡ್ಲಿ, ಕಿಟಕಿಯ ಗಾಳಿ, ನಿಮ್ಮ ಹರಟೆ... ಜಾಕಿ ಸಿಕ್ಕರೆ ಅದೆಲ್ಲ ಮುಗಿಯುತ್ತಿತ್ತು. ನನ್ನ ಹೆಂಡತಿ ಮಾತ್ರ ಪ್ರತಿ ಸಲ ಕೇಳುತ್ತಿದ್ದಳು: “ಮನೇಲಿ ಇಟ್ಕೊಂಡು ಊರೆಲ್ಲಾ ಹುಡುಕೋಕೆ ಹೋಗ್ತೀರಲ್ಲ, ನಿಮಗೆ ಮೈಮೇಲೆ ಜ್ಞಾನ ಇದೆಯಾ?”

ಇತ್ತ ನಾವು ಇಡ್ಲಿ ತಿನ್ನುತ್ತಿದ್ದರೆ ಅತ್ತ ಸಿದ್ದಣ್ಣನ ಗ್ಯಾರೇಜಿಗೆ ಹಳೇ ಗಾಡಿಯವರು ಬರುವುದು ನಿಂತಿತ್ತು. ನೀವೇ ಕಳ್ಳನೆಂದ ಮೇಲೆ ಯಾರು ಬಿಡುತ್ತಾರೆ ಗಾಡಿ? ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡನೇ ಇಡ್ಲಿಗೆ ಚಟ್ನಿ ಹಾಕಿಸಿಕೊಂಡಿದ್ದೇನೆ.

ಈ ಸೋಮವಾರ ಬೆಳಗ್ಗೆ ಅವನೇ ನಮ್ಮ ಮನೆಗೆ ಬಂದ. ಹೆಗಲ ಮೇಲೆ ಒಂದು ಚಕ್ರ, ಕೈಚೀಲದಲ್ಲಿ ಒಂದು ಜಾಕಿ. ಕೆ.ಆರ್.ಎಸ್. ಕಡೆ ಯಾರದೋ ಹಿತ್ತಿಲಲ್ಲಿ ಹಳೇ ಅಂಬಾಸಿಡರ್ ಬಿದ್ದಿತ್ತಂತೆ, ಕೇಳಿ ತಂದನಂತೆ, ತುಕ್ಕು ಉಜ್ಜಿ ಗ್ರೀಸು ಹಾಕಿದನಂತೆ. ಜಗಲಿಯಲ್ಲಿ ಕೂತು, ಕಾಫಿಯ ಲೋಟ ಕೆಳಗಿಟ್ಟು ಹೇಳಿದ:

“ಅವ್ನ್ಗೆ ಕೊಟ್ಬುಡಿ ಮೇಷ್ಟ್ರೇ. ನನ್ ಎಸ್ರು ಏಳ್ಬೇಡಿ, ಇಸ್ಕಳಾಕಿಲ್ಲ. ವಯಸ್ಸಾಯ್ತು ಅವ್ನ್ಗೂ. ದಾರೀಲಿ ನಿಂತ್ಬುಟ್ರೆ ಏನ್ ಮಾಡಾನು?”

ಅವನು ಹೊರಡುವ ಮುಂಚೆ ಒಳಗೆ ಬಂದು ಸರಸ್ವತಿಗೆ ಬಗ್ಗಿ ನಮಸ್ಕರಿಸಿದ. ಬಗ್ಗಿದವನು ಅಲ್ಲೇ ನಿಂತ. ಸೀರೆಯ ಅಂಚನ್ನು ಸರಿಸಿ, ಹೆಬ್ಬೆರಳಿನಿಂದ ಟೈರನ್ನು ಒಮ್ಮೆ ಒತ್ತಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಅಂಚನ್ನು ಮೊದಲಿನಂತೆ ಮುಚ್ಚಿ, ನನ್ನ ಮುಖ ನೋಡದೆ ಹೇಳಿದ:

“ಗಾಳಿ ಇಳ್ದೋಗದೆ ಮೇಷ್ಟ್ರೇ. ಇಂಗೇ ಬುಟ್ರೆ ಟೈರು ಸೀಳೋಯ್ತದೆ.”

ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ತಾನು ತಂದದ್ದನ್ನು ಜಗಲಿಯಲ್ಲೇ ಬಿಟ್ಟಿದ್ದ.

ಅವನು ನೇರ ನಿಮ್ಮ ಮನೆಗೆ ಬರುತ್ತಾನೆ, ಈಗ ಫೋನ್ ಬರುತ್ತದೆ, ಈಗ ಬರುತ್ತದೆ ಎಂದು ಎರಡು ದಿನ ಬೆವರಿದೆ. ನಿನ್ನೆ ನಿಮ್ಮ ಫೋನ್ ಬಂತು: “ಬೆಳ್ಳೂರ್ ತಾವ ಒಂದ್ ಜಾಕಿ ಅದಂತೆ. ಭಾನ್ವಾರ ಓಗವಾ?” ಅವನು ಹೇಳಿಲ್ಲ. ಹೇಳುವುದೂ ಇಲ್ಲ. ನಾಲ್ಕು ವರ್ಷ ಕಳ್ಳನೆನಿಸಿಕೊಂಡವನು ಕಳ್ಳನ ಮಾನ ಕಾಯುತ್ತಿದ್ದಾನೆ.

ತನ್ನ ಹೆಸರು ಹೇಳಬೇಡಿ ಎಂದಿದ್ದ, ಹೇಳಿದ್ದೇನೆ. ಭಾನುವಾರ ಬೆಳ್ಳೂರು ಬೇಡ ಗೌಡರೇ. ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುವ ಹೊತ್ತಿಗೆ ಎರಡು ಸ್ಟೆಪ್ನಿ, ಎರಡು ಜಾಕಿ ಆಟೋದಲ್ಲಿ ಹಾಕಿಕೊಂಡು ನಾನು ಅಲ್ಲಿರುತ್ತೇನೆ. ಅಂದು ನೋಡುತ್ತಾ ನಿಂತಿದ್ದ ಟೀ ಅಂಗಡಿಯವರ ಎದುರಿಗೇ ಎಲ್ಲವನ್ನೂ ಹೇಳುತ್ತೇನೆ. ನೀವೂ ಬನ್ನಿ. ನನ್ನನ್ನು ಆಮೇಲೆ ಎಷ್ಟು ಬೇಕಾದರೂ ಬೈಯಿರಿ, ಮನೆ ಬಾಗಿಲು ತುಳಿಯಬೇಡ ಎನ್ನಿ. ಮೊದಲು ಒಳಗೆ ಹೋಗಿ ಸಿದ್ದಣ್ಣನನ್ನು ಮಾತಾಡಿಸಿ.