ಬೊಮ್ಮಕ್ಕ ನೆಟ್ಟ ನಡುಗಂಬ

ಹೆಳವರ ಯರ್ರಿಸ್ವಾಮಿ ಎತ್ತಿನ ಮೇಲೆ ವಂಶಾವಳಿಯ ಹೊತ್ತಿಗೆ ಹೇರಿಕೊಂಡು ನಲ್ಲೂರಿಗೆ ಬಂದದ್ದು ೧೯೭೯ರಲ್ಲಿ, ಸುಗ್ಗಿ ಮುಗಿದ ಮೇಲೆ. ಹಿಂದಿನ ಸಲ ಬಂದು ಒಂಬತ್ತು ವರ್ಷವಾಗಿತ್ತು. ಮನೆತನದ ಹುಟ್ಟು, ಸಾವು, ವಲಸೆಗಳನ್ನು ಓದಿ ಹೇಳಿ, ಹೊಸ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವುದು ಆತನ ಕಸುಬು. ಆತನ ಪರಿವಾರಕ್ಕೆ ಎರಡು ಹೊತ್ತು ರೊಟ್ಟಿ ಬಡಿಯುವುದು ಕಸ್ತೂರಮ್ಮನ ಪಾಲಿನದು. ಅದನ್ನು ಯಾರೂ ಕಸುಬು ಎನ್ನುತ್ತಿರಲಿಲ್ಲ.

ಕಸ್ತೂರಮ್ಮ ಈ ಸಲ ಕಾದಿದ್ದಳು. ಗಂಡ ಮುರುಗೇಶಪ್ಪನ ಅಜ್ಜಿ ಬೊಮ್ಮಕ್ಕನ ಹೆಸರು ಆ ಹೊತ್ತಿಗೆಯೊಳಗೆ ಬರಬೇಕಿತ್ತು. ಗಂಡ ಬೆನಕಪ್ಪ ತೀರಿಕೊಂಡ ಮೇಲೆ ಬೊಮ್ಮಕ್ಕ ಜಗಳೂರು ಸೀಮೆಯಿಂದ ಮೂರು ಮಕ್ಕಳನ್ನು ನಡೆಸಿಕೊಂಡು ಬಂದದ್ದು, ನಸುಕಿನಲ್ಲಿ ಪರರ ರಾಗಿ ಬೀಸಿ, ಹಗಲೆಲ್ಲ ಪರರ ಅಂಗಳದಲ್ಲಿ ಅಡಿಕೆ ಸುಲಿದು ಹೆಬ್ಬೆರಳು ಸೀಳಿಸಿಕೊಂಡದ್ದು, ಕೊನೆಗೆ ತನ್ನ ತುರುಬನ್ನೂ ಕಟ್ಟಿಕೊಳ್ಳಲಾಗದೆ ಸೊಸೆಯ ಮುಂದೆ ತಲೆಯೊಡ್ಡಿ ಕೂರುತ್ತಿದ್ದದ್ದು, ಇಷ್ಟೂ ಇದ್ದದ್ದು ಆ ಸೊಸೆ ದುರುಗಕ್ಕನ ಬಾಯಲ್ಲಿ ಮಾತ್ರ. ದುರುಗಕ್ಕ ಎಂದರೆ ಕಸ್ತೂರಮ್ಮನ ಅತ್ತೆ. ಎಪ್ಪತ್ತೈದು ದಾಟಿದ ಮುದುಕಿ ಈ ಚಳಿಗಾಲ ಎರಡು ತಿಂಗಳು ಹಾಸಿಗೆ ಬಿಟ್ಟೆದ್ದಿರಲಿಲ್ಲ. ಅವಳನ್ನು ಬಿಟ್ಟರೆ ಬೊಮ್ಮಕ್ಕನನ್ನು ಕಂಡವರು ಯಾರೂ ಉಳಿದಿರಲಿಲ್ಲ.

ಪಡಸಾಲೆಯಲ್ಲಿ ಯರ್ರಿಸ್ವಾಮಿ ರಾಗವಾಗಿ ಓದತೊಡಗಿದ: "ವಿಕಾರಿ ಸಂವತ್ಸರದಲ್ಲಿ ಬೆನಕಪ್ಪ ಮೂರು ಮಕ್ಕಳ ಸಮೇತ ನಲ್ಲೂರಿಗೆ ಬಂದು ಮನೆಯ ನಡುಗಂಬ ನೆಟ್ಟ..."

"ಸ್ವಾಮೇರೆ, ಬೆನಕಪ್ಪಜ್ಜ ತೀರಿಕೊಂಡಿದ್ದು ಯಾವಾಗ? ಅದನ್ನ ಓದ್ರಿ," ಎಂದಳು ಕಸ್ತೂರಮ್ಮ ಅಡುಗೆಮನೆ ಬಾಗಿಲಿಂದ.

ಸಾವಿನ ಪಟ್ಟಿ ಬೇರೆ ಹಾಳೆಯಲ್ಲಿತ್ತು. ಯರ್ರಿಸ್ವಾಮಿ ತಿರುವಿದ. "ವಿಳಂಬಿ ಸಂವತ್ಸರ, ಶ್ರಾವಣ. ಜಗಳೂರು ಸೀಮೆ."

"ವಿಳಂಬಿ ಮುಗಿದ ಮೇಲಲ್ವೇನ್ರಿ ವಿಕಾರಿ ಬರೋದು? ಸತ್ತೋರು ಎದ್ದು ಬಂದು ಕಂಬ ನೆಟ್ರಾ?"

ಮುರುಗೇಶಪ್ಪ ಮುಖ ಗಂಟಿಕ್ಕಿದ. "ನಿಂಗ್ಯಾಕೆ ಬೇಕಿತ್ತು? ಹೋಗಿ ರೊಟ್ಟಿ ನೋಡು."

"ನೋಡ್ತೀನ್ರಿ. ಆ ಅಜ್ಜನ್ನೇ ಕರೀರಿ, ಅವ್ರೇ ಬಂದು ಬಡೀಲಿ. ಎಲ್ಲಾ ಮಾಡಾಕೆ ಬರ್ತೈತಲ್ಲ ಅವ್ರಿಗೆ!"

ಯರ್ರಿಸ್ವಾಮಿಗೆ ನಗು ತಡೆಯಲಾಗಲಿಲ್ಲ. "ತಪ್ಪಲ್ಲ ತಾಯಿ, ಪದ್ಧತಿ. ಮನೆ ಕಟ್ಟಿದ್ದು ಗಂಡಸಿನ ಹೆಸರಲ್ಲೇ ಬರೀತಿದ್ರು ನಮ್ಮಜ್ಜಾರು. ತಿದ್ದಬೇಕಂದ್ರೆ ಮನೆ ಹಿರೇರು ಹೇಳ್ಬೇಕು," ಎಂದು ಮುರುಗೇಶಪ್ಪನ ಮುಖ ನೋಡಿದ.

ಮೂಲೆಯಲ್ಲಿ ಕಂಬಳಿ ಹೊದ್ದಿದ್ದ ದುರುಗಕ್ಕ ಗೋಡೆ ಹಿಡಿದು ಎದ್ದು ಕೂತಳು. "ಈ ಮನೇಗೆ ಹಿರೇಳು ನಾನು. ಅವ್ನ ಮುಖ ಏನ್ ನೋಡ್ತೀಯ? ಕಂಬ ನೆಟ್ಟಿದ್ದು ನಮ್ಮತ್ತೆ. ಬರಿ."

ಯರ್ರಿಸ್ವಾಮಿ ಆದರೂ ಅವಳ ಮಗನ ಅಪ್ಪಣೆಗೇ ಕಾದ. ಮುರುಗೇಶಪ್ಪ ತಲೆ ತಗ್ಗಿಸಿ, "ಅವ್ವ ಹೇಳಿದ್ ಮೇಲೆ ಆಯ್ತು," ಎಂದ.

ಬೊಮ್ಮಕ್ಕನ ಹೆಸರು ಹಾಳೆಯ ಮೇಲೆ ಮೂಡಿತು. "ಆ ಅಜ್ಜಿ ತವರು ಯಾವೂರು ತಾಯಿ?"

ದುರುಗಕ್ಕ ಸೊಸೆಯ ಮುಖ ನೋಡಿದಳು. ಕಸ್ತೂರಮ್ಮ ಹತ್ತಿರ ಬಂದು ಕೂತಳು. "ನೆನಪು ಮಾಡ್ಕೊಳ್ರಿ ಅತ್ತೆ."

"ನೆನಪಿರಾಕೆ ಕೇಳಿರಬೇಕಲ್ಲೇ ಕಸ್ತೂರಿ. ಹನ್ನೆರಡು ವರ್ಷ ಒಂದೇ ಬೀಸೋಕಲ್ಲಿಗೆ ಎದುರುಬದುರು ಕೂತಿದ್ವಿ. ಅವ್ಳ ತವರು ಯಾವ್ದು ಅಂತ ನಾನು ಕೇಳ್ಲೇ ಇಲ್ಲ."

ಯರ್ರಿಸ್ವಾಮಿ ಅಲ್ಲಿ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟ. ಹೊತ್ತಿಗೆ ಮುಚ್ಚಲು ಹೋದವನ ಕೈ ಹಿಡಿದಳು ದುರುಗಕ್ಕ. "ನಿಲ್ಲಪ್ಪ. ನಂದು ನ್ಯಾಮತಿ. ಇವಳ್ದು ಹೊನ್ನಾಳಿ. ನಾವಿಬ್ರೂ ಬದುಕಿರುವಾಗ್ಲೇ ಬರಕೋ."