ಎಣ್ಣೆ ಕಾಣದ ಕೂದಲು

ನಿಮ್ಮ ಚಿಕ್ಕಮ್ಮನಿಗೆ ಏನು ಕೆಲಸ ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ: "ಕೂದಲು ನಿಲ್ಸೋದು." ಗೆಳತಿಯರು ನಂಬುತ್ತಿರಲಿಲ್ಲ. ಕೂದಲು ಕತ್ತರಿಸುವವರುಂಟು, ಬಣ್ಣ ಹಚ್ಚುವವರುಂಟು. ಕೂದಲು ನಿಲ್ಲಿಸಿ ಸಂಬಳ ತರುವವರನ್ನು ಅವರು ಕಂಡಿರಲಿಲ್ಲ. ಮನೆಯಲ್ಲಿ ಅಜ್ಜಿಯದೂ ಅದೇ ತಕರಾರು.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಊರಿನ ವಿಜ್ಞಾನ ಭವನಕ್ಕೆ ಅವಳು ಮೊದಲು ಹೋದದ್ದು ಟಿಕೆಟ್ ಕೊಡುವ ಕೆಲಸ ಕೇಳಿಕೊಂಡು. ಆಗಿನ್ನೂ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ, ಜಡೆ ಸೊಂಟ ದಾಟಿತ್ತು. ಅಲ್ಲಿಗೆ ಹೊಸ ಯಂತ್ರವೊಂದು ಆಗಷ್ಟೇ ಬಂದಿಳಿದಿತ್ತು. ಕಂಬದ ತುದಿಯಲ್ಲಿ ಕುಂಬಳಕಾಯಿ ಗಾತ್ರದ, ಪಳಪಳ ಹೊಳೆಯುವ ಲೋಹದ ಗುಂಡು; ಕಂಬದೊಳಗೆ ಗರಗರ ತಿರುಗುವ ರಬ್ಬರ್ ಪಟ್ಟಿ. ಪಟ್ಟಿ ತಿರುಗುತ್ತ ತಿರುಗುತ್ತ ಗುಂಡಿಗೆ ವಿದ್ಯುತ್ತನ್ನು ತುಂಬುತ್ತದೆ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಗುಂಡನ್ನು ಮುಟ್ಟಿದವರ ಮೈಗೂ ಅದು ಹರಡುತ್ತದೆ, ಕೂದಲು ಏಳುತ್ತದೆ. ಯಂತ್ರಕ್ಕೆ ನಾಲಿಗೆ ಹೊರಳದ ಹೆಸರೊಂದಿತ್ತು. ಎಲ್ಲರೂ ಗುಂಡು ಎಂದೇ ಕರೆದರು.

ಯಾರ ಮೇಲಾದರೂ ಪರೀಕ್ಷೆ ಮಾಡಿ ನೋಡಬೇಕಿತ್ತು. ಮೇಲ್ವಿಚಾರಕರದು ಬೋಳುತಲೆ. ಯಂತ್ರ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್, ಊರಿಗೆಲ್ಲ ವೈರಣ್ಣ, ಟೋಪಿ ತೆಗೆಯಲು ಸುತಾರಾಂ ಒಪ್ಪಲಿಲ್ಲ. ಕೆಲಸ ಕೇಳಲು ಬಂದು ಕೂತಿದ್ದ ಚಿಕ್ಕಮ್ಮನನ್ನು ಕರೆದರು. ಅವಳು ಜಡೆ ಬಿಚ್ಚಿ ಗುಂಡಿನ ಮೇಲೆ ಕೈಯಿಟ್ಟಳು. ಕೂದಲು ಕೊಂಚ ಕದಲಿತೇ ಹೊರತು ಏಳಲಿಲ್ಲ.

"ತಲೆಗೆ ಎಣ್ಣೆ ಹಚ್ಚಿದೀಯೇನಮ್ಮ?" ಎಂದು ವೈರಣ್ಣ ಕೇಳಿದ.

"ಹೂಂ, ನಮ್ಮಮ್ಮ ಹಚ್ಚಿದ್ಲು."

"ನಾಳೆ ಚೆನ್ನಾಗಿ ತೊಳ್ಕೊಂಡು ಬಾ."

ಮರುದಿನ ತೊಳೆದುಕೊಂಡು ಹೋದಳು. ಕೂದಲು ನಾಲ್ಕು ದಿಕ್ಕಿಗೂ ಚೆದುರಿ ನಿಂತಿತು, ಕೆಲಸವೂ ಸಿಕ್ಕಿತು. ತಲೆಗೆ ಎಣ್ಣೆ ಸೋಕಿಸಬಾರದು ಎನ್ನುವುದು ಆ ಕೆಲಸದ ಒಂದೇ ಷರತ್ತು.

ಜಗಳ ಶುರುವಾದದ್ದು ಅಲ್ಲಿಂದ. ಅಜ್ಜಿ ದಿನಾ ಸಂಜೆ ಸೌಟಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿ, ಮಗಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ತಲೆ ನೀವುತ್ತಿದ್ದಳು. ತಾಯಿ ಮಗಳ ಮಾತುಕತೆ, ಗುಟ್ಟು, ಅಕ್ಕಪಕ್ಕದವರ ಸುದ್ದಿ ಎಲ್ಲವೂ ಆಗಲೇ. ನಾಳೆಯಿಂದ ಎಣ್ಣೆ ಬೇಡ ಎಂದು ಚಿಕ್ಕಮ್ಮ ಹೇಳಿದ್ದು ಅಜ್ಜಿಗೆ ಎಣ್ಣೆ ಬೇಡ ಎಂದು ಕೇಳಿಸಲೇ ಇಲ್ಲ.

"ನನ್ನ ಕೈ ಬೇಡವಾಯ್ತಾ ನಿನಗೆ?" ಎಂದಳಂತೆ. "ಸರಿ. ನೀನು ಹಚ್ಕೊಳ್ಳದ ಎಣ್ಣೆ ನನಗೂ ಬೇಡ. ನಿನ್ನ ಆ ಭವನದ ಮೆಟ್ಟಿಲು ಹತ್ತಿದ್ರೆ ಕೇಳು."

ನಮ್ಮ ಅಜ್ಜಿ ಹಿಡಿದ ಹಟ ಬಿಟ್ಟವಳಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳ ತಲೆ ಒಣಗಿದ ನಾರಿನ ಹಾಗಾಗಿತ್ತು. ನೆಂಟರು ಬಂದು, ಯಾಕೆ ಹೀಗೆ, ಒಂದು ತೊಟ್ಟು ಎಣ್ಣೆಯಾದ್ರೂ ಹಚ್ಕೋಬಾರದಾ ಎಂದರೆ, "ನನ್ನ ಮಗಳನ್ನ ಕೇಳಿ" ಎಂದು ಮುಖ ತಿರುಗಿಸುತ್ತಿದ್ದಳು. ಮಿಕ್ಕ ಎಲ್ಲದರಲ್ಲೂ ಇಬ್ಬರೂ ಅನ್ಯೋನ್ಯ. ಒಂದೇ ತಟ್ಟೆಯಲ್ಲಿ ತಿನ್ನುವರು, ಒಂದೇ ಕೋಣೆಯಲ್ಲಿ ಮಲಗುವರು. ಕೂದಲಿನ ಮಾತು ಬಂದರೆ ಮಾತ್ರ ಎಣ್ಣೆ ಸೀಗೆಕಾಯಿ.

ರಜೆ ಬಂತೆಂದರೆ ನನ್ನ ವಾಸ ವಿಜ್ಞಾನ ಭವನದಲ್ಲೇ. ಈಗಲೂ ಕಣ್ಣು ಮುಚ್ಚಿದರೆ ಆ ನೆಲ ಒರೆಸಿದ ವಾಸನೆ, ಕಪ್ಪು ಪರದೆಯ ಧೂಳು ಮೂಗಿಗೆ ಬರುತ್ತವೆ. ಬಾಗಿಲ ಬಳಿ ದೊಡ್ಡ ಆಲಿಕೆಯಂಥ ಬೋಗುಣಿಯೊಂದಿತ್ತು. ಅದರ ಅಂಚಿನಲ್ಲಿ ಗೋಲಿ ಉರುಳಿಸಿದರೆ ಸುತ್ತುತ್ತ, ಸುತ್ತುತ್ತ, ಒಳಒಳಗೆ ಇಳಿದು ಕೊನೆಗೆ ಟಣ್ ಎಂದು ತೂತಿನಲ್ಲಿ ಬೀಳುತ್ತಿತ್ತು. ಮಧ್ಯಾಹ್ನವೆಲ್ಲ ನಾನು ಅದರ ಮುಂದೆಯೇ.

"ಚಂದ್ರನೂ ಹೀಗೇ ಕಣೇ," ಎಂದಿದ್ದಳು ಚಿಕ್ಕಮ್ಮ ಒಮ್ಮೆ. "ಭೂಮಿ ಎಳೀತಾನೇ ಇದೆ, ಅವನು ಬೀಳ್ತಾನೇ ಇದ್ದಾನೆ. ಆದ್ರೆ ಪಕ್ಕಕ್ಕೂ ಓಡ್ತಿದ್ದಾನಲ್ಲ, ಅದಕ್ಕೇ ಸುತ್ತುತ್ತಾ ಇರ್ತಾನೆ. ಈ ಗೋಲಿಗೆ ಉಜ್ಜೋ ನೆಲ ಇದೆ, ಸುಸ್ತಾಗಿ ಬೀಳುತ್ತೆ. ಅವನಿಗೆ ಅಲ್ಲಿ ಉಜ್ಜೋಕೆ ಏನೂ ಇಲ್ಲ."

ಚಂದ್ರ ಬೀಳುತ್ತಿದ್ದಾನೆ ಎಂಬುದಷ್ಟೇ ನನ್ನ ತಲೆಗೆ ಹೋಯಿತು. ಮನೆಗೆ ಬಂದು ಅಜ್ಜಿಯ ಸೆರಗು ಹಿಡಿದು ಅತ್ತುಬಿಟ್ಟೆ. ಅಜ್ಜಿ ಮೂಗು ಮುರಿದಳು. "ಅದಕ್ಕೂ ಸಂಬಳ ಕೊಡ್ತಾರಾ ಅವಳಿಗೆ, ಮಕ್ಕಳನ್ನ ಹೆದರ್ಸೋಕೆ?"

ಗುಂಡಿನ ಪ್ರದರ್ಶನ ಶುರುವಾದರೆ ಚಿಕ್ಕಮ್ಮ ಬೇರೆಯೇ ಹೆಂಗಸು. ಮನೆಯಲ್ಲಿ ದನಿ ಏರಿಸದವಳು ಅಲ್ಲಿ ಕೋಣೆ ತುಂಬ ಕೇಳಿಸುತ್ತಿದ್ದಳು. "ಮಕ್ಕಳೇ, ಇಡೀ ಭೂಮಿ, ಬೆಟ್ಟ ಗುಡ್ಡ ಸಮುದ್ರ ಎಲ್ಲ ಸೇರಿ ನನ್ನ ಕೂದಲನ್ನ ಕೆಳಗೆ ಎಳೀತಿದೆ. ಈ ಕಡೆ ನಮ್ಮ ಗುಂಡು, ಇಷ್ಟೇ ಇಷ್ಟು. ಯಾರು ಗೆಲ್ತಾರೆ ನೋಡೋಣ." ವೈರಣ್ಣ ಸ್ವಿಚ್ಚು ಒತ್ತುವನು. ಕೂದಲು ಒಂದೊಂದಾಗಿ ಎದ್ದು, ಒಂದರಿಂದೊಂದು ದೂರ ಸರಿದು, ಅವಳ ಮುಖದ ಸುತ್ತ ಹರಡುವುದು. "ಯಾರು ಗೆದ್ರು?" ಮಕ್ಕಳು ಗಂಟಲು ಹರಿಯುವ ಹಾಗೆ ಗುಂಡು, ಗುಂಡು ಎನ್ನುವರು. ಆಮೇಲೆ ಅವಳು ತಣ್ಣಗೆ ವಿವರಿಸುವಳು. ಪ್ರತಿ ಎಳೆಗೂ ಒಂದೇ ಬಗೆಯ ವಿದ್ಯುತ್ತು ತುಂಬಿದೆ, ಒಂದೇ ಬಗೆಯವು ಒಂದನ್ನೊಂದು ತಳ್ಳುತ್ತವೆ, ಅದಕ್ಕೇ ಈ ಅವತಾರ.

ಇದನ್ನು ಕೇಳಿ ಬಂದ ನನ್ನ ಅಮ್ಮ ಮನೆಯಲ್ಲಿ ಹೇಳಿದ್ದುಂಟು: "ನಿಮ್ಮಿಬ್ಬರ ಸಮಾಚಾರಾನೂ ಇದೇ. ಇಬ್ಬರೂ ಒಂದೇ ಬಗೆ." ಅಜ್ಜಿ, ಚಿಕ್ಕಮ್ಮ ಇಬ್ಬರೂ ಒಟ್ಟಿಗೇ ಅವಳ ಮೇಲೆ ರೇಗಿದರು.

ಮೋಡ ಕವಿದರೆ ಚಿಕ್ಕಮ್ಮನ ಮುಖ ಸಪ್ಪಗಾಗುತ್ತಿತ್ತು. ಗಾಳಿ ತೇವವಾದರೆ ಗುಂಡಿನಲ್ಲಿ ವಿದ್ಯುತ್ತು ನಿಲ್ಲುವುದಿಲ್ಲ. ಅವಳೂ ವೈರಣ್ಣನೂ ಹೀಟರ್ ಹಿಡಿದು ಯಂತ್ರವನ್ನು ಎಳೆಮಗುವಿನ ಹಾಗೆ ಒಣಗಿಸುತ್ತ ಕೂರುವರು. ಅಂಥ ದಿನ ಅಜ್ಜಿ ಕಿಟಕಿಯಿಂದ ಆಕಾಶ ನೋಡಿ, ಯಾರಿಗೋ ಹೇಳುವಂತೆ ಹೇಳುವಳು: "ಇವತ್ತು ಹೇಗೂ ಏಳಲ್ಲವಂತೆ. ಒಂಚೂರು ಎಣ್ಣೆ ಬಿಸಿ ಮಾಡ್ಲಾ?" ಚಿಕ್ಕಮ್ಮ ಕೇಳಿಸದವಳಂತೆ ಚಪ್ಪಲಿ ಮೆಟ್ಟುವಳು. ಈಗ ನೆನೆದರೆ ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಇಬ್ಬರನ್ನೂ ಅಪ್ಪಿಕೊಳ್ಳಬೇಕೆನಿಸುತ್ತದೆ.

ಚಿಕ್ಕಮ್ಮನಿಗೆ ಒಂದೇ ಆಸೆ. ತನ್ನ ಅಮ್ಮ ಒಮ್ಮೆ ಬಂದು ನೋಡಬೇಕು. ಅದನ್ನು ಅವಳು ಕೇಳದ ವರ್ಷವಿಲ್ಲ, ಅಜ್ಜಿ ಒಪ್ಪಿದ ವರ್ಷವಿಲ್ಲ. ಹಾಗೇ ಚಿಕ್ಕಮ್ಮನ ಕೂದಲು ಅರ್ಧ ನರೆಯಿತು, ನಿವೃತ್ತಿಯ ದಿನವೂ ಬಂತು. ಅಜ್ಜಿಗೆ ಎಂಬತ್ತು ದಾಟಿತ್ತು.

"ನಾಳೆ ಅವಳದು ಕೊನೇ ಪ್ರದರ್ಶನ," ಎಂದಳು ನನ್ನ ಅಮ್ಮ. "ಇನ್ನು ನೋಡ್ತೀನಿ ಅಂದ್ರೂ ಸಿಗಲ್ಲ."

ಅಜ್ಜಿ ಹೇಳಿದಳು: "ಬರ್ತೀನಿ. ಆದ್ರೆ ಬೆಳಿಗ್ಗೆ ನಾನೇ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚ್ತೀನಿ. ಮಗಳು ದೊಡ್ಡ ದಿನ ಬಿರುಗೂದಲು ಬಿಟ್ಕೊಂಡು ಹೋಗೋದು ನನಗಿಷ್ಟ ಇಲ್ಲ."

"ಎಣ್ಣೆ ಹಚ್ಚಿದ್ರೆ ಏಳಲ್ಲ ಅಂತ ಗೊತ್ತಿಲ್ವಾ ನಿನಗೆ?" ಎಂದು ನಾನು ರೇಗಿದೆ.

"ಎಣ್ಣೆಗೆ ಹೆದರೋದು ಅದೆಂಥ ವಿಜ್ಞಾನ?"

ನಾನು ಚಿಕ್ಕಮ್ಮನ ಮುಖ ನೋಡಿದೆ. ಕೊನೆಯ ಪ್ರದರ್ಶನಕ್ಕೆ ಚಿಕ್ಕಂದಿನಲ್ಲಿ ಗುಂಡನ್ನು ನೋಡಿ ಹೋಗಿದ್ದವರು ತಮ್ಮ ಮಕ್ಕಳನ್ನು ಕರೆದುಕೊಂಡು ಬರುವವರಿದ್ದರು. ಎಣ್ಣೆ ಹಚ್ಚಿಸಿಕೊಂಡರೆ ಅಷ್ಟು ಜನರ ಮುಂದೆ ನಗೆಪಾಟಲು, ಹಚ್ಚಿಸಿಕೊಳ್ಳದಿದ್ದರೆ ಅಜ್ಜಿ ಬರುವುದಿಲ್ಲ. ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋಗಿ ಶೆಲ್ಫಿನ ಮೂಲೆಯಿಂದ ಹಳೆಯ ಸೌಟನ್ನು ಹುಡುಕಿ ತಂದು ಅಜ್ಜಿಯ ಮುಂದಿಟ್ಟಳು.

ಬೆಳಿಗ್ಗೆ ಅವಳು ಅಜ್ಜಿಯ ಮೊಣಕಾಲುಗಳ ನಡುವೆ ಕೂತಳು. ಎಣ್ಣೆ ಕಿವಿಯ ಮೇಲೆಲ್ಲ ಸೋರುತ್ತಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂದೋ ನಿವೃತ್ತನಾಗಿದ್ದ ಮುದುಕ ವೈರಣ್ಣನೂ ಆ ದಿನಕ್ಕೆಂದೇ ಬಂದಿದ್ದ. ಚಿಕ್ಕಮ್ಮನ ತಲೆ ನೋಡಿ ತನ್ನ ಟೋಪಿ ಸರಿಮಾಡಿಕೊಂಡು ಸ್ವಿಚ್ಚು ಒತ್ತಿದ. ಗುಂಡು ಗರಗರ ಎಂದಿತು. ಅಂಚಿನ ನಾಲ್ಕು ಎಳೆ ಅಲ್ಲಾಡಿದವು, ಅಷ್ಟೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಯಾರು ಗೆದ್ರು?" ಎಂದು ಚಿಕ್ಕಮ್ಮ ಎಂದಿನ ದನಿಯಲ್ಲೇ ಕೇಳಿದಳು.

"ಭೂಮಿ," ಎಂದವು ಮಕ್ಕಳು, ಬೇಸರದಿಂದ.

"ಹೌದು, ಇವತ್ತು ಭೂಮಿ ಗೆದ್ದಿದೆ. ಎಣ್ಣೆ ಹಚ್ಚಿದ ಕೂದಲು ಒಂದಕ್ಕೊಂದು ಅಂಟ್ಕೊಂಡು ಭಾರ ಆಗಿರುತ್ತೆ. ತಳ್ಳಿದ್ರೂ ದೂರ ಹೋಗಲ್ಲ."

ಮೊದಲ ಸಾಲಿನಲ್ಲಿ ಅಜ್ಜಿ ತಲೆ ತಗ್ಗಿಸಿ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಅವು ಇನ್ನೂ ಮಿರಮಿರ ಎನ್ನುತ್ತಿದ್ದವು. ಚಿಕ್ಕಮ್ಮ ಸ್ಟೂಲಿನಿಂದ ಇಳಿದು ಅವಳ ಬಳಿಗೆ ಬಂದಳು. "ಅಮ್ಮ, ಏಳು. ನೀನು ಕೂತ್ಕೋ."

"ನನ್ನನ್ಯಾಕೆ? ನನ್ನ ತಲೇಲಿ ಏನಿದೆ ಮಣ್ಣು?"

"ಎಣ್ಣೆ ಇಲ್ವಲ್ಲ."

ಹೃದಯ ಬಡಿತಕ್ಕೆಂದು ಎದೆಗೆ ಯಂತ್ರಗಿಂತ್ರ ಹಾಕಿಸಿಕೊಂಡಿಲ್ಲ ತಾನೇ ಎಂದು ವೈರಣ್ಣ ಎರಡೆರಡು ಸಲ ಕೇಳಿದ. ಆಮೇಲೆ ಅವನೂ ನಾನೂ ಸೇರಿ ಅಜ್ಜಿಯನ್ನು ಕೂರಿಸಿ, ಕೈಗಳನ್ನು ಒರೆಸಿ ಗುಂಡಿನ ಮೇಲಿಟ್ಟು ದೂರ ಸರಿದೆವು. ಸ್ವಿಚ್ಚು ಬಿತ್ತು. ಹತ್ತಾರು ವರ್ಷ ಒಣಗಿದ ಆ ತೆಳು ಬಿಳಿಗೂದಲು ಒಂದೇ ಉಸಿರಿಗೆ ಎದ್ದು ನಿಂತಿತು. ಮಕ್ಕಳು ಬೆಂಚು ಹತ್ತಿ ಕುಣಿದರು.

"ಯಾಕೆ ನಗ್ತಿದ್ದಾವೆ? ಏನಾಯ್ತೇ?" ಅಜ್ಜಿಗೆ ಗಾಬರಿ. ಚಿಕ್ಕಮ್ಮ ದೂರ ನಿಂತೇ ಕನ್ನಡಿ ಎತ್ತಿ ಹಿಡಿದಳು. ಅಜ್ಜಿ ಕನ್ನಡಿಯನ್ನೇ ದಿಟ್ಟಿಸಿದಳು.

"ನಿನಗೂ ಹೀಗೇ ಆಗ್ತಿತ್ತಾ?"

"ಹೂಂ."

"ದಿನಾನೂ?"

"ದಿನಾನೂ ಅಮ್ಮ."

ಸಂಜೆ ಮನೆಯಲ್ಲಿ ಚಿಕ್ಕಮ್ಮ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಕೊನೆಗೂ ತಾನೇ ಅಜ್ಜಿಯ ತಲೆಗೆ ಹಚ್ಚಲು ಕೂತಾಗ ಅಜ್ಜಿ ಕೈ ತಳ್ಳಿದಳು. "ನನಗೆ ಆಮೇಲೆ ಹಚ್ಚುವೆಯಂತೆ. ಮೊದ್ಲು ನೀನು ಹೋಗಿ ತಲೆ ತೊಳ್ಕೊಂಡು ಬಾ. ನಾಳೆ ನಾನು ನೋಡ್ಬೇಕು."

ನಾಳೆಯಿಂದ ಕೆಲಸವಿಲ್ಲ ಎಂದು ಯಾರೂ ನೆನಪಿಸಲಿಲ್ಲ. ಜಿಡ್ಡು ಬಿಡುವವರೆಗೆ ಚಿಕ್ಕಮ್ಮ ತಿಕ್ಕಿ ತಿಕ್ಕಿ ತೊಳೆದಳು. ಮರುದಿನ ನಾವು ಮೂವರೂ ಟಿಕೆಟ್ ಕೊಂಡು ಒಳಗೆ ಹೋದೆವು. ಚಿಕ್ಕಮ್ಮನ ಜಾಗಕ್ಕೆ ಬಂದ ಹೊಸ ಹುಡುಗಿ, ಯಾರು ಬರ್ತೀರಿ ಮುಂದೆ ಎಂದು ಕೇಳಿದಾಗ ಅಷ್ಟೂ ಮಕ್ಕಳ ನಡುವೆ ಚಿಕ್ಕಮ್ಮನೂ ಕೈಯೆತ್ತಿದಳು.

ಗುಂಡು ಗರಗರ ಎಂದಿತು. ಅರ್ಧ ಕಪ್ಪು ಅರ್ಧ ಬಿಳಿಯ ಆ ಕೂದಲು ನಿಧಾನವಾಗಿ ಎದ್ದು ಅವಳ ಮುಖದ ಸುತ್ತ ಹರಡಿಕೊಂಡಿತು. ಅಜ್ಜಿ ಕಣ್ಣೊರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಪಕ್ಕದಲ್ಲಿ ಕೂತಿದ್ದ, ಗುರುತು ಪರಿಚಯವಿಲ್ಲದ ಪುಟ್ಟ ಹುಡುಗಿಯ ಭುಜ ತಟ್ಟಿ ಹೇಳಿದಳು: "ನೋಡು ಮಗು, ಅವಳು ನನ್ನ ಮಗಳು. ಆ ಕೂದಲು ನಾನು ಎಣ್ಣೆ ಹಚ್ಚಿ ಬೆಳೆಸಿದ್ದು."